ಸುಸ್ಥಿರ ಆಹಾರ ಮತ್ತು ಆರೋಗ್ಯಕರ ವಾರ್ಧಕ್ಯ: ಚಳ್ಳಕೆರೆ–ಮೊಳಕಾಲ್ಮೂರು ಸೀಮೆ

ಸುಸ್ಥಿರ ಆಹಾರಕ್ರಮವೆಂದರೆ ನೆಲ, ನೀರು, ಹುಲ್ಲುಗಾವಲುಗಳನ್ನು ಬರಿದು ಮಾಡದೆ ಬೆಳೆದ ಅಥವಾ ಸಾಕಿ ಪಡೆದ ಪದಾರ್ಥಗಳಿಂದ, ಉಣ್ಣುವವರ ಆರೋಗ್ಯವನ್ನೂ ಮುಂದಿನ ತಲೆಮಾರಿನ ಅನ್ನವನ್ನೂ ಕಾಯುವ ಊಟದ ಪದ್ಧತಿ. ವಯಸ್ಸಾದವರಲ್ಲಿ ನಡೆದಾಡುವ, ತಮ್ಮ ಕೆಲಸ ತಾವೇ ಮಾಡಿಕೊಳ್ಳುವ ಶಕ್ತಿ ಕುಂದದಂತೆ ಅದು ನೆರವಾದಾಗ ಆರೋಗ್ಯಕರ ವಾರ್ಧಕ್ಯದ ಒಂದು ಆಧಾರವಾಗುತ್ತದೆ. ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ, ಮೊಳಕಾಲ್ಮೂರು ತಾಲ್ಲೂಕುಗಳಲ್ಲಿ, ಅದರಲ್ಲೂ ದೊಡ್ಡಉಳ್ಳಾರ್ತಿಯಂಥ ಕಾವಲು (ಮೀಸಲು ಹುಲ್ಲುಗಾವಲು) ಸೀಮೆಯ ಹಳ್ಳಿಗಳಲ್ಲಿ ಈ ಎರಡರ ಸಂಬಂಧ ಹೇಗಿದೆ ಎಂಬುದು ಈ ಲೇಖನದ ವಿಷಯ. ಮಳೆ ಕಡಿಮೆಯಾದ ಈ ನೆಲ ತಾಳಿಕೊಳ್ಳುವ ಬೆಳೆಗಳಲ್ಲಿ ಹೆಚ್ಚಿನವು ಮುಪ್ಪಿನ ದೇಹಕ್ಕೂ ಹೊಂದುತ್ತವೆ. ಆದರೆ ಹೊಂದಿಕೆ ಪೂರ್ಣವಲ್ಲ. ಪ್ರೋಟೀನಿನ ಪ್ರಮಾಣ, ಬಿ12 ಜೀವಸತ್ವ, ಕುಡಿಯುವ ನೀರಿನ ಫ್ಲೋರೈಡ್ ಮತ್ತು ಧಾನ್ಯ ಹಸನು ಮಾಡುವ ದುಡಿಮೆ, ಈ ನಾಲ್ಕರಲ್ಲಿ ತೊಡಕುಗಳಿವೆ.

ಪರಿಭಾಷೆ

ಭಾರತದಲ್ಲಿ 60 ವರ್ಷ ತುಂಬಿದವರನ್ನು ಹಿರಿಯ ನಾಗರಿಕರೆಂದು ಗಣಿಸುತ್ತಾರೆ. ತಂದೆತಾಯಿ ಮತ್ತು ಹಿರಿಯ ನಾಗರಿಕರ ಪೋಷಣೆಯ 2007ರ ಕಾಯಿದೆಯೂ ಇದೇ ಮಿತಿಯನ್ನು ಇಟ್ಟುಕೊಂಡಿದೆ. 2011ರ ಜನಗಣತಿಯಂತೆ ಕರ್ನಾಟಕದ ಜನಸಂಖ್ಯೆಯಲ್ಲಿ ಇವರ ಪಾಲು ಶೇ. 9.5.

ವಿಶ್ವ ಆರೋಗ್ಯ ಸಂಸ್ಥೆ 2015ರ ವರದಿಯಲ್ಲಿ ಆರೋಗ್ಯಕರ ವಾರ್ಧಕ್ಯವನ್ನು ರೋಗವಿಲ್ಲದಿರುವ ಸ್ಥಿತಿ ಎಂದು ವಿವರಿಸಲಿಲ್ಲ. ಮುಪ್ಪಿನಲ್ಲಿ ನೆಮ್ಮದಿಯಿಂದಿರಲು ಬೇಕಾದ ಕಾರ್ಯಸಾಮರ್ಥ್ಯವನ್ನು ಬೆಳೆಸಿ ಉಳಿಸಿಕೊಳ್ಳುವ ಪ್ರಕ್ರಿಯೆ ಎಂದು ಅದು ಹೇಳಿತು. ಇದರ ಪ್ರಕಾರ ಸಕ್ಕರೆ ಕಾಯಿಲೆ ಇದ್ದೂ ಹೊಲಕ್ಕೆ ಹೋಗಿಬರುವ ಅಜ್ಜ ಆರೋಗ್ಯಕರ ವಾರ್ಧಕ್ಯದವನೇ. ವಿಶ್ವಸಂಸ್ಥೆ 2021–2030ರ ಅವಧಿಯನ್ನು ಆರೋಗ್ಯಕರ ವಾರ್ಧಕ್ಯದ ದಶಕವೆಂದು ಘೋಷಿಸಿದೆ. ಸುಸ್ಥಿರ ಆಹಾರಕ್ರಮದ ವ್ಯಾಖ್ಯೆ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 2010ರಲ್ಲಿ ರೋಮ್‌ನಲ್ಲಿ ನಡೆಸಿದ ಸಮಾಲೋಚನೆಯಿಂದ ಬಂದುದು. ಪರಿಸರದ ಜೊತೆಗೆ ಬೆಲೆ ಮತ್ತು ಸ್ಥಳೀಯ ಸಂಸ್ಕೃತಿಗೆ ಒಪ್ಪುವಿಕೆಯನ್ನೂ ಅದು ಒಳಗೊಂಡಿದೆ.

ರಾಗಿ, ಜೋಳ, ಸಜ್ಜೆಗಳ ಜೊತೆಗೆ ಸಾವೆ (ಸಾಮೆ), ನವಣೆ, ಹಾರಕ, ಬರಗು, ಊದಲು, ಕೊರಲೆಗಳನ್ನು ಈ ಲೇಖನದಲ್ಲಿ ಸಿರಿಧಾನ್ಯ ಎಂದು ಕರೆದಿದೆ. ಕೊನೆಯ ಆರಕ್ಕೆ ಮಾತ್ರ ಕಿರುಧಾನ್ಯ ಎಂಬ ಹೆಸರನ್ನು ಬಳಸಿದೆ.

ನೆಲ ಮತ್ತು ಮಳೆ

ಚಳ್ಳಕೆರೆ, ಮೊಳಕಾಲ್ಮೂರು ತಾಲ್ಲೂಕುಗಳು ಕರ್ನಾಟಕದ ಕೃಷಿ ಹವಾಮಾನ ವಲಯಗಳಲ್ಲಿ ಮಧ್ಯ ಒಣವಲಯಕ್ಕೆ ಸೇರಿವೆ. ಪೂರ್ವಕ್ಕೆ ಆಂಧ್ರಪ್ರದೇಶದ ಅನಂತಪುರ ಜಿಲ್ಲೆ, ಉತ್ತರಕ್ಕೆ ಬಳ್ಳಾರಿ ಸೀಮೆ. ರಾಜ್ಯದಲ್ಲೇ ಅತಿ ಕಡಿಮೆ ಮಳೆ ಬೀಳುವ ಪ್ರದೇಶಗಳಲ್ಲಿ ಇದೊಂದು. ವಾಡಿಕೆಯ ಮಳೆಯ ದೊಡ್ಡ ಪಾಲು ಸೆಪ್ಟೆಂಬರ್, ಅಕ್ಟೋಬರ್‌ಗಳಲ್ಲಿ, ಅಂದರೆ ಉತ್ತರೆ, ಹಸ್ತ, ಚಿತ್ತೆ ಮಳೆಗಳಲ್ಲಿ ಸುರಿಯುತ್ತದೆ. ಮುಂಗಾರು ನೆಚ್ಚುವಂಥದ್ದಲ್ಲ. ಬಹುಪಾಲು ಮರಳು ಮಿಶ್ರಿತ ಕೆಂಪು ನೆಲ, ಅಲ್ಲಲ್ಲಿ ಎರೆ. ಚಳ್ಳಕೆರೆ ತಾಲ್ಲೂಕಿನಲ್ಲಿ ಹರಿಯುವ ವೇದಾವತಿ ವರ್ಷದ ಹೆಚ್ಚು ಕಾಲ ಒಣಗಿಯೇ ಇರುತ್ತದೆ.

ಹೊಲದಷ್ಟೇ ಮುಖ್ಯವಾದುದು ಕಾವಲು. ಮೈಸೂರಿನ ಚಿಕ್ಕದೇವರಾಜ ಒಡೆಯರ ಕಾಲದ ಬೆಣ್ಣೆ ಚಾವಡಿಯಿಂದ ಬೆಳೆದ, ಟಿಪ್ಪುವಿನ ಕಾಲದಲ್ಲಿ ಅಮೃತ ಮಹಲ್ ಎಂಬ ಹೆಸರು ಪಡೆದ ದನದ ಇಲಾಖೆಗೆ ಮೀಸಲಾಗಿದ್ದ ವಿಶಾಲ ಹುಲ್ಲುಗಾವಲುಗಳು ಇಲ್ಲಿದ್ದವು. ಉಳ್ಳಾರ್ತಿ ಕಾವಲು, ವರವು ಕಾವಲು, ಕುದಾಪುರ ಇವುಗಳಲ್ಲಿ ಮುಖ್ಯವಾದವು. ಸುತ್ತಲ ಹಳ್ಳಿಗಳ ಕುರಿ, ದನ ಮೇಯುತ್ತಿದ್ದುದು ಇಲ್ಲಿಯೇ. ಹಾಲು, ಮಜ್ಜಿಗೆ, ತುಪ್ಪ, ಗೊಬ್ಬರ, ಕಂಬಳಿಯ ಉಣ್ಣೆ ಇವೆಲ್ಲದರ ಮೂಲ ಕಾವಲಿನ ಹುಲ್ಲು. ಈ ಸೀಮೆಯ ಆಹಾರವನ್ನು ಹೊಲದ ಬೆಳೆಗಳಿಂದಷ್ಟೇ ಅಳೆಯುವ ವಿವರಣೆ ಅರ್ಧ ಮಾತ್ರ ಸರಿ.

ಮೂಲ ಮತ್ತು ಇತಿಹಾಸ

ದಕ್ಷಿಣ ಭಾರತದ ನವಶಿಲಾಯುಗದ ರೈತರು ಮೊದಲು ಬೆಳೆದ ಬೆಳೆಗಳಲ್ಲಿ ಕೊರಲೆ, ಹುರುಳಿ, ಹೆಸರು ಮುಖ್ಯವೆಂದು ಬಳ್ಳಾರಿ ಬಳಿಯ ಸಂಗನಕಲ್ಲು ಮೊದಲಾದ ನೆಲೆಗಳಲ್ಲಿ ದೊರೆತ ಸುಟ್ಟ ಕಾಳುಗಳಿಂದ ತಿಳಿದಿದೆ. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯೂ ಇದೇ ಸಂಸ್ಕೃತಿಯ ನೆಲೆ. 1947ರಲ್ಲಿ ಮಾರ್ಟಿಮರ್ ವ್ಹೀಲರ್ ಇಲ್ಲಿ ನಡೆಸಿದ ಉತ್ಖನನ ಪ್ರಸಿದ್ಧವಾದುದು. ರಾಗಿ, ಜೋಳ, ಸಜ್ಜೆ ಮೂರೂ ಆಫ್ರಿಕದಿಂದ ಆನಂತರ ಬಂದವು. ಹೀಗಾಗಿ ಇಲ್ಲಿನ ಸಿರಿಧಾನ್ಯಗಳಲ್ಲಿ ಅತ್ಯಂತ ಹಳೆಯದು ಇಂದು ಅತ್ಯಂತ ಅಪರೂಪವಾಗಿರುವ ಕೊರಲೆಯೇ.

ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲಿ ಅಶೋಕನ ಕಿರು ಶಿಲಾಶಾಸನಗಳಿವೆ; ಬಿ.ಎಲ್. ರೈಸ್ 1892ರಲ್ಲಿ ಇವನ್ನು ಬೆಳಕಿಗೆ ತಂದರು. ತಾಯಿತಂದೆಯರ ಮಾತು ನಡೆಸಬೇಕು, ಗುರುಹಿರಿಯರನ್ನು ಗೌರವಿಸಬೇಕು, ಜೀವಿಗಳಲ್ಲಿ ದಯೆ ಇರಬೇಕು ಎಂಬ ವಿಧಿ ಇವುಗಳಲ್ಲಿದೆ. ಹಿರಿಯರ ಆರೈಕೆಯ ಬಗ್ಗೆ ಈ ಸೀಮೆಯಲ್ಲಿ ಉಳಿದಿರುವ ಅತ್ಯಂತ ಹಳೆಯ ಲಿಖಿತ ಉಲ್ಲೇಖ ಇದು.

ಮಧ್ಯಕಾಲದಿಂದ ಈಚೆಗೆ ಇಲ್ಲಿನ ಬದುಕನ್ನು ರೂಪಿಸಿದವರಲ್ಲಿ ಮ್ಯಾಸಬೇಡರು (ಮ್ಯಾಸನಾಯಕರು) ಮತ್ತು ಕಾಡುಗೊಲ್ಲರು ಪ್ರಮುಖರು. ಎರಡೂ ಪಶುಪಾಲಕ ಸಮುದಾಯಗಳು. ವಾಸದ ನೆಲೆಗೆ ಹಟ್ಟಿ ಎಂದು ಹೆಸರು. ಮ್ಯಾಸಬೇಡರು ದೇವರ ಎತ್ತುಗಳನ್ನು ಸಾಕುತ್ತಾರೆ, ಅವನ್ನು ನೋಡಿಕೊಳ್ಳುವವನು ಕಿಲಾರಿ. ಇವರಲ್ಲಿ ಕೋಳಿಮಾಂಸ ಸಾಂಪ್ರದಾಯಿಕವಾಗಿ ನಿಷಿದ್ಧ. ಕುರಿಮಾಂಸ ಹಬ್ಬ, ಜಾತ್ರೆಗಳಿಗೆ ಸೀಮಿತ.

ಬರಗಾಲ ಈ ಸೀಮೆಯ ಆಹಾರ ಚರಿತ್ರೆಯ ಅವಿಭಾಜ್ಯ ಅಂಗ. 1876–78ರ ಮಹಾಕ್ಷಾಮದಲ್ಲಿ ಮೈಸೂರು ಸಂಸ್ಥಾನದ ಸುಮಾರು ಐದನೇ ಒಂದು ಭಾಗದ ಜನ ಸತ್ತರೆಂದು ಅಂದಾಜಿದೆ. ಹುಳು ಹತ್ತದೆ ಹಲವು ವರ್ಷ ಉಳಿಯುವ ರಾಗಿಯನ್ನು ನೆಲದೊಳಗಿನ ಹಗೇವುಗಳಲ್ಲಿ ತುಂಬಿಡುವ ವಾಡಿಕೆ ಇಂಥ ಅನುಭವಗಳಿಂದ ಗಟ್ಟಿಯಾದುದು.

20ನೆಯ ಶತಮಾನದಲ್ಲಿ ಎರಡು ಬದಲಾವಣೆಗಳಾದವು. ಮೊದಲನೆಯದು ಶೇಂಗಾ. ದಕ್ಷಿಣ ಅಮೆರಿಕ ಮೂಲದ ಈ ಬೆಳೆ ಕೆಂಪು ಮರಳು ನೆಲಕ್ಕೆ ಒಗ್ಗಿ, ನಗದು ತಂದುಕೊಟ್ಟು, ಸಾವೆ, ನವಣೆಗಳ ಜಾಗವನ್ನು ಹಿಡಿಯಿತು. 1940ರಲ್ಲಿ ಬಿಡುಗಡೆಯಾದ ಟಿಎಂವಿ–2 ತಳಿ ದಶಕಗಳ ಕಾಲ ಇಲ್ಲಿ ಆಳಿತು. ಚಳ್ಳಕೆರೆ ಪಟ್ಟಣ ಎಣ್ಣೆ ಗಿರಣಿಗಳಿಂದ ತುಂಬಿ ಎಣ್ಣೆ ನಗರಿ ಎಂಬ ಹೆಸರು ಗಳಿಸಿತು. ಎರಡನೆಯದು ಪಡಿತರದ ಅಕ್ಕಿ. ಹಬ್ಬದ ದಿನ ಮಾತ್ರ ಅನ್ನ ಕಾಣುತ್ತಿದ್ದ ಮನೆಗಳಲ್ಲಿ ಅದು ದಿನದ ಊಟವಾಯಿತು. 2013ರ ಜುಲೈಯಲ್ಲಿ ಆರಂಭವಾದ ಅನ್ನಭಾಗ್ಯ ಯೋಜನೆ ಹಸಿವನ್ನು ತಗ್ಗಿಸಿತು, ಅದರ ಜೊತೆಗೇ ಅಕ್ಕಿಯ ಕಡೆಗಿನ ಈ ವಾಲಿಕೆಯನ್ನು ಗಟ್ಟಿಗೊಳಿಸಿತು.

ಆಹಾರದ ರಚನೆ

ಈ ಸೀಮೆಯ ಊಟಕ್ಕೆ ಐದು ಅಂಗಗಳಿವೆ: ಹಿಟ್ಟು ಅಥವಾ ಅಕ್ಕಿ, ಕಾಳು, ಸೊಪ್ಪು, ಎಣ್ಣೆಕಾಳು, ಹಾಲು ಮಜ್ಜಿಗೆ. ಮಾಂಸ ಐದರ ಆಚೆಗಿನದು, ಅಪರೂಪಕ್ಕೆ ಸೇರುವಂಥದ್ದು.

ಧಾನ್ಯಗಳಲ್ಲಿ ರಾಗಿಗೆ ಮೊದಲ ಸ್ಥಾನ. ಭಾರತೀಯ ಆಹಾರ ಸಂಯೋಜನೆಯ 2017ರ ಕೋಷ್ಟಕಗಳ ಪ್ರಕಾರ 100 ಗ್ರಾಂ ರಾಗಿಯಲ್ಲಿ 364 ಮಿ.ಗ್ರಾಂ ಸುಣ್ಣಾಂಶ (ಕ್ಯಾಲ್ಸಿಯಂ) ಇದೆ. ಅಷ್ಟೇ ಬಿಳಿ ಅಕ್ಕಿಯಲ್ಲಿ 10 ಮಿ.ಗ್ರಾಂಗೂ ಕಡಿಮೆ. ಪ್ರೋಟೀನಿನಲ್ಲಿ ಮಾತ್ರ ರಾಗಿ (ಸುಮಾರು 7 ಗ್ರಾಂ) ಅಕ್ಕಿಗಿಂತ ಮೇಲಲ್ಲ. ಸಜ್ಜೆ, ಜೋಳ, ಸಾವೆಗಳಲ್ಲಿ 10ರಿಂದ 11 ಗ್ರಾಂ ಇರುತ್ತದೆ. ಸಜ್ಜೆಯಲ್ಲಿ ಕಬ್ಬಿಣ ಹೆಚ್ಚು, 6 ಮಿ.ಗ್ರಾಂ ಮೀರುತ್ತದೆ. ನವಣೆ, ಸಾವೆ, ಕೊರಲೆಗಳು ಸುಮಾರು ಮೂರು ತಿಂಗಳಲ್ಲಿ, ಒಂದೆರಡು ಹದಮಳೆ ಸಿಕ್ಕರೂ ಕೈಗೆ ಬರುತ್ತವೆ. ಇವಕ್ಕೆ ನಿಂತ ನೀರು ಬೇಡ. ಆದ್ದರಿಂದ ಭತ್ತದ ಗದ್ದೆಯಿಂದ ಹೊಮ್ಮುವ ಮೀಥೇನ್ ಅನಿಲದ ಪ್ರಶ್ನೆಯೂ ಇಲ್ಲ. ಹುಲ್ಲು ದನಕ್ಕಾಗುತ್ತದೆ. ರಾಗಿ ಹುಲ್ಲಿನ ಬಣವೆ ಇಲ್ಲದ ಮನೆಯಲ್ಲಿ ಬೇಸಿಗೆಗೆ ಹಾಲು ನಿಲ್ಲುವುದು ಸಾಮಾನ್ಯ.

ಕಾಳುಗಳಲ್ಲಿ ಹುರುಳಿ ಬರ ನೆಲದ ಬೆಳೆ. ಹಿಂಗಾರಿನ ಕೊನೆಯ ತೇವದಲ್ಲಿ, ಬೇರೇನೂ ಬಾರದ ಹೊಲದಲ್ಲಿ ಅದು ಬೆಳೆದು, ವಾತಾವರಣದ ಸಾರಜನಕವನ್ನು ಬೇರುಗಂಟುಗಳ ಮೂಲಕ ನೆಲಕ್ಕೆ ಸೇರಿಸುತ್ತದೆ. 100 ಗ್ರಾಂ ಹುರುಳಿಯಲ್ಲಿ ಸುಮಾರು 22 ಗ್ರಾಂ ಪ್ರೋಟೀನ್, 269 ಮಿ.ಗ್ರಾಂ ಸುಣ್ಣಾಂಶ, 8 ಮಿ.ಗ್ರಾಂ ಮೀರಿದ ಕಬ್ಬಿಣ ಇವೆ. ತೊಗರಿ, ಅವರೆ, ಅಲಸಂದೆ, ಹೆಸರು ಹಿಂದೆ ರಾಗಿ, ಜೋಳದ ನಡುವೆ ಅಕ್ಕಡಿ ಸಾಲುಗಳಲ್ಲಿ ಬರುತ್ತಿದ್ದವು. ಒಂದು ಬೆಳೆ ಹೋದರೂ ಇನ್ನೊಂದು ಉಳಿಯುವ ಈ ಮಿಶ್ರ ಬಿತ್ತನೆಯೇ ತಟ್ಟೆಯಲ್ಲಿ ಧಾನ್ಯದ ಜೊತೆ ಕಾಳು ಬೀಳುವಂತೆ ಮಾಡುತ್ತಿತ್ತು. ಧಾನ್ಯದಲ್ಲಿ ಕಡಿಮೆ ಇರುವ ಲೈಸಿನ್ ಎಂಬ ಅಮೈನೋ ಆಮ್ಲ ಕಾಳಿನಲ್ಲಿದೆ, ಕಾಳಿನಲ್ಲಿ ಕಡಿಮೆ ಇರುವ ಮೆಥಿಯೋನಿನ್ ಧಾನ್ಯದಲ್ಲಿದೆ.

ಸೊಪ್ಪುಗಳಲ್ಲಿ ಬೆಳೆಸಿದ್ದಕ್ಕಿಂತ ತಾನಾಗಿ ಬಂದದ್ದೇ ಹೆಚ್ಚು. ಮಳೆಗಾಲದಲ್ಲಿ ಅಣ್ಣೆ, ಗೋಣಿ, ಕಿರಕಸಾಲೆ ಮೊದಲಾದವನ್ನು ಹೊಲದ ಬದುಗಳಿಂದ ಕಿತ್ತು ತಂದು ಬೆರಕೆ ಸೊಪ್ಪಿನ ಸಾರು ಮಾಡುತ್ತಾರೆ. ನುಗ್ಗೆ ಸೊಪ್ಪು ಎಲ್ಲ ಕಾಲಕ್ಕೂ ಸಿಗುವಂಥದ್ದು. 100 ಗ್ರಾಂಗೆ 300 ಮಿ.ಗ್ರಾಂ ಮೀರಿ ಸುಣ್ಣಾಂಶವಿದೆ. ಎಣ್ಣೆಕಾಳುಗಳಲ್ಲಿ ಶೇಂಗಾ, ಹುಚ್ಚೆಳ್ಳು, ಎಳ್ಳು ಬಳಕೆಯಲ್ಲಿವೆ. ಶೇಂಗಾ ಚಟ್ನಿ, ಹುಚ್ಚೆಳ್ಳು ಪುಡಿ ಇಲ್ಲದ ರೊಟ್ಟಿಯ ಊಟ ಕಡಿಮೆ. ಹಣ್ಣುಗಳು ಕಾಡು ಮತ್ತು ಬದುಗಳವು: ಎಲಚಿ, ಸೀತಾಫಲ, ನೇರಳೆ, ಕವಳೆ.

ಪ್ರಕಾರಗಳು

ವಯಸ್ಸಾದವರ ದೃಷ್ಟಿಯಿಂದ ಈ ಅಡುಗೆಗಳನ್ನು ಪದಾರ್ಥದ ಮೇಲೆ ವಿಂಗಡಿಸುವುದಕ್ಕಿಂತ ಹದದ ಮೇಲೆ ವಿಂಗಡಿಸುವುದು ಹೆಚ್ಚು ಉಪಯುಕ್ತ.

ಅಗಿಯುವ ಆಹಾರ: ಜೋಳದ ರೊಟ್ಟಿ, ಸಜ್ಜೆ ರೊಟ್ಟಿ, ಹುರಿಗಾಳು, ಹುರಿದ ಶೇಂಗಾ. ಹಲ್ಲು ಗಟ್ಟಿಯಿರುವವರೆಗೆ ಮಾತ್ರ. ರೊಟ್ಟಿಯನ್ನು ಸಾರಿನಲ್ಲಿ ನೆನೆಸಿ ಕಲಸಿದರೆ ಮುಂದಿನ ವರ್ಗಕ್ಕೆ ಇಳಿಯುತ್ತದೆ.

ನುಂಗುವ ಆಹಾರ: ರಾಗಿ ಮುದ್ದೆ ಇದರ ಮಾದರಿ. ಕುದಿವ ನೀರಿಗೆ ಹಿಟ್ಟು ಹಾಕಿ, ಕೋಲಿನಿಂದ ತಿರುವಿ, ಉಂಡೆ ಕಟ್ಟುವ ಮುದ್ದೆಯನ್ನು ತುತ್ತು ಮುರಿದು ಸಾರಿನಲ್ಲಿ ಅದ್ದಿ ಅಗಿಯದೆ ನುಂಗುತ್ತಾರೆ. ಹಲ್ಲಿಲ್ಲದ ಬಾಯಿಗೆ ಪೂರ್ಣ ಪ್ರಮಾಣದ ಧಾನ್ಯವನ್ನು ದಾಟಿಸುವ ಈ ಗುಣವೇ ಬಯಲುಸೀಮೆಯ ಮುದುಕರ ಊಟದಲ್ಲಿ ಮುದ್ದೆ ಕೊನೆಯವರೆಗೆ ಉಳಿಯಲು ಮುಖ್ಯ ಕಾರಣ. ಜೊತೆಗೆ ಹುರುಳಿ ಕಟ್ಟಿನ ಸಾರು, ಬಸ್ಸಾರು, ಉಪ್ಸಾರು, ಸೊಪ್ಪಿನ ಸಾರು.

ಮೆದು ಆಹಾರ: ಸಾವಕ್ಕಿ, ನವಣಕ್ಕಿಯ ಅನ್ನ, ರಾಗಿ ಅಥವಾ ಜೋಳದ ನುಚ್ಚು, ಮಜ್ಜಿಗೆ ಕಲಸಿದ ಅನ್ನ, ತಂಬಿಟ್ಟು.

ಕುಡಿಯುವ ಆಹಾರ: ಅಂಬಲಿ, ಗಂಜಿ, ಮಜ್ಜಿಗೆ. ಬೇಯಿಸಿದ ರಾಗಿ ಹಿಟ್ಟಿನ ತಿಳಿಯನ್ನು ರಾತ್ರಿಯೆಲ್ಲ ಇಟ್ಟು, ಬೆಳಗ್ಗೆ ಮಜ್ಜಿಗೆ, ಉಪ್ಪು, ಈರುಳ್ಳಿ ಸೇರಿಸಿ ಕುಡಿಯುವ ಅಂಬಲಿ ಬೇಸಿಗೆಯಲ್ಲಿ ನೀರಿನ ಕೊರತೆಯನ್ನೂ ನೀಗುತ್ತದೆ. ವಯಸ್ಸಾದಂತೆ ಬಾಯಾರಿಕೆಯ ಅರಿವು ಕುಂದುವುದರಿಂದ ಇದು ಸಣ್ಣ ಪ್ರಯೋಜನವಲ್ಲ.

ಮುಪ್ಪಿನ ಅಗತ್ಯಗಳು

ವಯಸ್ಸು ಏರಿದಂತೆ ದೇಹಕ್ಕೆ ಬೇಕಾದ ಶಕ್ತಿ (ಕ್ಯಾಲೊರಿ) ಇಳಿಯುತ್ತದೆ. ಪ್ರೋಟೀನ್, ಸುಣ್ಣಾಂಶ, ಜೀವಸತ್ವಗಳ ಅಗತ್ಯ ಇಳಿಯುವುದಿಲ್ಲ, ಕೆಲವು ಏರುತ್ತವೆ. ಕಡಿಮೆ ಊಟದಲ್ಲಿ ಹೆಚ್ಚು ಸತ್ವ ಇರಬೇಕಾದ ವಯಸ್ಸು ಅದು. ಹಸಿವು, ರುಚಿ, ಜೀರ್ಣಶಕ್ತಿ, ಹಲ್ಲು ಎಲ್ಲವೂ ಕೈಕೊಡುವುದೂ ಅದೇ ಕಾಲಕ್ಕೆ. ಮಾಂಸಖಂಡ ಕರಗುವ ಸ್ಥಿತಿಗೆ ಸಾರ್ಕೊಪೀನಿಯ ಎನ್ನುತ್ತಾರೆ. ಎದ್ದು ನಿಲ್ಲಲು ಕೈ ಊರಬೇಕಾಗುವುದು, ಬೀಳುವುದು, ಕೊಡ ಎತ್ತಲಾಗದಿರುವುದು ಇದರ ಲಕ್ಷಣಗಳು.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಲಿ ಮತ್ತು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2020ರಲ್ಲಿ ನಿಗದಿಮಾಡಿದಂತೆ ದೇಹತೂಕದ ಪ್ರತಿ ಕಿಲೋಗೆ ದಿನಕ್ಕೆ 0.83 ಗ್ರಾಂ ಪ್ರೋಟೀನ್ ಬೇಕು. ವೃದ್ಧರಿಗೆ ಸುಣ್ಣಾಂಶ 1,200 ಮಿ.ಗ್ರಾಂ. ಪ್ರೋಟ್–ಏಜ್ ಎಂಬ ಅಂತಾರಾಷ್ಟ್ರೀಯ ತಜ್ಞರ ಗುಂಪು 2013ರಲ್ಲಿ ವೃದ್ಧರ ಪ್ರೋಟೀನ್ ಪ್ರಮಾಣ ಕಿಲೋಗೆ 1.0ರಿಂದ 1.2 ಗ್ರಾಂ ಇರಬೇಕೆಂದು ಹೇಳಿದೆ.

ಈ ಅಳತೆಗೆ ಸ್ಥಳೀಯ ಊಟ ಎಷ್ಟು ನಿಲ್ಲುತ್ತದೆಂದು ಲೆಕ್ಕ ಹಾಕಬಹುದು. 50 ಕಿಲೋ ತೂಕದ ಅಜ್ಜಿಯೊಬ್ಬರು ದಿನಕ್ಕೆ 200 ಗ್ರಾಂ ರಾಗಿ ಹಿಟ್ಟು, 50 ಗ್ರಾಂ ಹುರುಳಿ, 30 ಗ್ರಾಂ ಶೇಂಗಾ, 50 ಗ್ರಾಂ ನುಗ್ಗೆ ಸೊಪ್ಪು, 200 ಮಿ.ಲೀ. ಹಸುವಿನ ಹಾಲು ಅಥವಾ ಅದರ ಮೊಸರು ತೆಗೆದುಕೊಂಡರೆ ಸುಮಾರು 42 ಗ್ರಾಂ ಪ್ರೋಟೀನ್, 1,270 ಮಿ.ಗ್ರಾಂ ಸುಣ್ಣಾಂಶ ಸಿಗುತ್ತದೆ. ಭಾರತೀಯ ಮಟ್ಟವನ್ನು ಇದು ಮುಟ್ಟುತ್ತದೆ. ಪ್ರೋಟ್–ಏಜ್ ಮಟ್ಟಕ್ಕೆ 8ರಿಂದ 18 ಗ್ರಾಂ ಪ್ರೋಟೀನ್ ಕಡಿಮೆ ಬೀಳುತ್ತದೆ. ಹಾಲು ಮತ್ತು ಹುರುಳಿಯನ್ನು ಕೈಬಿಟ್ಟು ತಿಳಿ ಸಾರು ಉಳಿಸಿಕೊಂಡರೆ ಪ್ರೋಟೀನ್ 25 ಗ್ರಾಂಗೆ ಕುಸಿಯುತ್ತದೆ. ಬಡ ಮನೆಗಳ ವೃದ್ಧರ ತಟ್ಟೆಯಲ್ಲಿ ಮೊದಲು ಕಾಣೆಯಾಗುವುದು ಈ ಎರಡೇ. ರಾಗಿಯೊಂದರಿಂದಲೇ ಎಲ್ಲವೂ ಆಗುತ್ತದೆಂಬ ಜನಪ್ರಿಯ ಪ್ರಚಾರ ಈ ಲೆಕ್ಕದ ಮುಂದೆ ನಿಲ್ಲುವುದಿಲ್ಲ.

ಜಾಗತಿಕ ಮಾದರಿಯೊಂದರ ಜೊತೆ ಹೋಲಿಕೆ ಉಪಯುಕ್ತ. ಈಟ್–ಲ್ಯಾನ್ಸೆಟ್ ಆಯೋಗ 2019ರಲ್ಲಿ ಭೂಮಿಗೂ ದೇಹಕ್ಕೂ ಹಿತವಾದ ಆಹಾರವೆಂದು ಸೂಚಿಸಿದ್ದರಲ್ಲಿ ದಿನಕ್ಕೆ 232 ಗ್ರಾಂ ಇಡಿಧಾನ್ಯ, 75 ಗ್ರಾಂ ಕಾಳು, ಶೇಂಗಾ ಸೇರಿದಂತೆ 50 ಗ್ರಾಂ ಬೀಜಗಳು, 250 ಗ್ರಾಂ ಹಾಲು, 14 ಗ್ರಾಂ ಕೆಂಪು ಮಾಂಸ ಇವೆ. ಮಾಂಸದ ಈ ಪ್ರಮಾಣ ವರ್ಷಕ್ಕೆ ಸುಮಾರು 5 ಕಿಲೋ ಆಗುತ್ತದೆ, ಹಬ್ಬ ಜಾತ್ರೆಗಳ ಮಾಂಸದೂಟಕ್ಕೆ ದೂರವಲ್ಲದ ಪ್ರಮಾಣ. ಚಳ್ಳಕೆರೆ ಸೀಮೆಯ ಹಳೆಯ ಊಟಕ್ಕೂ ಈ ಪಟ್ಟಿಗೂ ಇರುವ ದೊಡ್ಡ ವ್ಯತ್ಯಾಸ ಹಣ್ಣು, ತರಕಾರಿಗಳ ಪ್ರಮಾಣದಲ್ಲಿದೆ. ಬೇಸಿಗೆಯಲ್ಲಿ ಇಲ್ಲಿ ಎರಡೂ ವಿರಳ.

ಸಕ್ಕರೆ ಕಾಯಿಲೆಯ ವಿಚಾರ ಬೇರೆ. ಹೈದರಾಬಾದಿನ ಇಕ್ರಿಸ್ಯಾಟ್ ಸಂಸ್ಥೆಯ ನೇತೃತ್ವದಲ್ಲಿ 65 ಅಧ್ಯಯನಗಳನ್ನು ಒಟ್ಟುಗೂಡಿಸಿ 2021ರಲ್ಲಿ ಪ್ರಕಟವಾದ ವಿಶ್ಲೇಷಣೆಯಲ್ಲಿ ಸಿರಿಧಾನ್ಯಗಳ ಸರಾಸರಿ ಗ್ಲೈಸೀಮಿಕ್ ಸೂಚ್ಯಂಕ (ಊಟದ ನಂತರ ರಕ್ತದ ಸಕ್ಕರೆ ಏರುವ ಅಳತೆ) 52.7, ಪಾಲಿಶ್ ಮಾಡಿದ ಅಕ್ಕಿಗಿಂತ ಸಾಕಷ್ಟು ಕಡಿಮೆ. ಆದರೆ ಇದು ಸರಾಸರಿ. ನುಣ್ಣಗೆ ಬೀಸಿದ ರಾಗಿ ಹಿಟ್ಟಿನ ಗಂಜಿ ಸಕ್ಕರೆಯನ್ನು ಬೇಗನೆ ಏರಿಸಬಲ್ಲದು. ಇಡಿ ಕಾಳಿನ ನವಣಕ್ಕಿ ಅನ್ನ ನಿಧಾನ. ಬೆಲ್ಲ ಹಾಕಿದ ರಾಗಿ ಮಾಲ್ಟ್‌ಗೆ ಈ ಸರಾಸರಿ ಅನ್ವಯಿಸದು.

ಕೊರತೆಗಳು ಮತ್ತು ಎಚ್ಚರಗಳು

ಬಿ12: ಈ ಜೀವಸತ್ವ ಸಸ್ಯಾಹಾರದಲ್ಲಿ ಇಲ್ಲ. ಹಾಲು, ಮೊಟ್ಟೆ, ಮಾಂಸ ಇದರ ಮೂಲ. ವೃದ್ಧರ ಜಠರದಲ್ಲಿ ಆಮ್ಲ ಕಡಿಮೆಯಾಗುವುದರಿಂದಲೂ, ಸಕ್ಕರೆ ಕಾಯಿಲೆಗೆ ನೀಡುವ ಮೆಟ್‌ಫಾರ್ಮಿನ್ ಮಾತ್ರೆಯ ದೀರ್ಘ ಬಳಕೆಯಿಂದಲೂ ಹೀರಿಕೆ ಕುಗ್ಗುತ್ತದೆ. ಕಾಲು ಜೋಮು, ಮರೆವು, ರಕ್ತಹೀನತೆ ಕೊರತೆಯ ಚಿಹ್ನೆಗಳು. ಕೋಳಿಯನ್ನು ಬಿಟ್ಟ ಸಮುದಾಯಗಳಲ್ಲಿ ಹಾಲಿನ ಮಹತ್ವ ಆ ಮಟ್ಟಿಗೆ ಹೆಚ್ಚು.

ಫ್ಲೋರೈಡ್: ಚಿತ್ರದುರ್ಗ ಜಿಲ್ಲೆಯ ಹಲವೆಡೆ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಮಿತಿ ಮೀರಿದೆ. ಕುಡಿಯುವ ನೀರಿನಲ್ಲಿ ಲೀಟರಿಗೆ 1.0 ಮಿ.ಗ್ರಾಂ ಅಪೇಕ್ಷಿತ ಮಿತಿ, ಬೇರೆ ನೀರಿಲ್ಲದಿದ್ದರೆ 1.5. ವರ್ಷಗಟ್ಟಲೆ ಮಿತಿ ಮೀರಿದ ನೀರನ್ನು ಕುಡಿದವರಲ್ಲಿ ಮೂಳೆಕೀಲುಗಳು ಬಿಗಿದು ಬೆನ್ನು ಬಾಗುತ್ತದೆ. ವಯೋಸಹಜ ಕೀಲುನೋವೆಂದು ತಿಳಿದು ಬಿಟ್ಟುಬಿಡುವ ಪ್ರಕರಣಗಳಲ್ಲಿ ಇದೂ ಅಡಗಿರಬಹುದು. ಮುದ್ದೆ, ಅಂಬಲಿ, ಸಾರುಗಳು ನೀರನ್ನು ಹೆಚ್ಚು ಹೀರುವ ಅಡುಗೆಗಳಾದ್ದರಿಂದ ಕುಡಿಯುವ ನೀರನ್ನಷ್ಟೇ ಶುದ್ಧಗೊಳಿಸಿದರೆ ಸಾಲದು. ಜೋಳದ ಊಟದಲ್ಲಿ ಅಕ್ಕಿಯೂಟಕ್ಕಿಂತ ಹೆಚ್ಚು ಫ್ಲೋರೈಡ್ ದೇಹದಲ್ಲಿ ಉಳಿಯುತ್ತದೆಂದು ರಾಷ್ಟ್ರೀಯ ಪೋಷಣಾ ಸಂಸ್ಥೆಯ 1970ರ ದಶಕದ ಅಧ್ಯಯನವೊಂದು ತೋರಿಸಿತ್ತು. ಹುಣಸೆಹಣ್ಣು ಮೂತ್ರದ ಮೂಲಕ ಫ್ಲೋರೈಡ್ ಹೊರಹೋಗುವುದನ್ನು ಹೆಚ್ಚಿಸುತ್ತದೆಂದು ಅದೇ ಸಂಸ್ಥೆ ಮುಂದೆ ಶಾಲಾ ಬಾಲಕರಲ್ಲಿ ಕಂಡಿದೆ. ಸುಣ್ಣಾಂಶ ಸಾಕಷ್ಟಿದ್ದರೆ ಹಾನಿ ತಗ್ಗುತ್ತದೆ.

ಅಫ್ಲಾಟಾಕ್ಸಿನ್: ಶೇಂಗಾ ಕಾಯಿ ಬಲಿಯುವ ಹೊತ್ತಿಗೆ ಮಳೆ ಕೈಕೊಟ್ಟರೆ ಆಸ್ಪರ್ಜಿಲಸ್ ಜಾತಿಯ ಬೂಷ್ಟು ತಗುಲಿ ಯಕೃತ್ತಿಗೆ ಮಾರಕವಾದ ಈ ವಿಷ ಹುಟ್ಟುತ್ತದೆ. ಬರದ ಸೀಮೆಗೆ ಇದು ವಿಶೇಷ ಅಪಾಯ. ಒಳ್ಳೆಯ ಕಾಯಿ ಮಾರಿ, ಸುಕ್ಕಿದ ಕಾಳನ್ನು ಮನೆಗಿಟ್ಟುಕೊಳ್ಳುವ ವಾಡಿಕೆ ಅದನ್ನು ಹೆಚ್ಚಿಸುತ್ತದೆ.

ಹೀರಿಕೆ ತಡೆಯುವ ಅಂಶಗಳು: ಸಿರಿಧಾನ್ಯ, ಕಾಳುಗಳಲ್ಲಿರುವ ಫೈಟೇಟ್, ಟ್ಯಾನಿನ್‌ಗಳು ಕಬ್ಬಿಣ, ಸುಣ್ಣಾಂಶಗಳನ್ನು ಹಿಡಿದಿಡುತ್ತವೆ. ನೆನೆಸುವುದು, ಮೊಳಕೆ ಕಟ್ಟುವುದು, ಹುಳಿ ಬರಿಸುವುದು ಇವನ್ನು ತಗ್ಗಿಸುತ್ತವೆ. ಊಟದ ಜೊತೆಗೇ ಚಹಾ ಕುಡಿಯುವುದು ಕಬ್ಬಿಣದ ಹೀರಿಕೆಗೆ ಅಡ್ಡಿ.

ನುಂಗುವ ತೊಂದರೆ: ಪಾರ್ಶ್ವವಾಯು ಹೊಡೆದವರಿಗೆ, ನುಂಗಲು ಕಷ್ಟಪಡುವವರಿಗೆ ಮುದ್ದೆ ಗಂಟಲಿಗೆ ಸಿಕ್ಕಿಕೊಳ್ಳುವ ಅಪಾಯವಿದೆ, ತೀರ ತೆಳುವಾದ ಅಂಬಲಿ ಶ್ವಾಸನಾಳಕ್ಕೆ ಇಳಿಯಬಹುದು. ಇಂಥವರಿಗೆ ಗಟ್ಟಿ ಗಂಜಿಯ ಹದ ಸೂಕ್ತ, ವೈದ್ಯರ ಸಲಹೆ ಅಗತ್ಯ. ಮೂತ್ರಪಿಂಡದ ಕಾಯಿಲೆ ಇರುವವರಿಗೆ ಮೇಲಿನ ಪ್ರೋಟೀನ್ ಲೆಕ್ಕ ಅನ್ವಯಿಸುವುದಿಲ್ಲ.

ಉಪ್ಪು: ದಿನಕ್ಕೆ 5 ಗ್ರಾಂ ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಉಪ್ಸಾರು, ಉಪ್ಪಿನಕಾಯಿ, ಚಟ್ನಿಪುಡಿಗಳ ಊಟದಲ್ಲಿ ಇದು ಸುಲಭವಾಗಿ ಮೀರುತ್ತದೆ.

ಹಸನು ಮಾಡುವ ದುಡಿಮೆ

ಕಿರುಧಾನ್ಯಗಳ ಹಿನ್ನಡೆಗೆ ಬೆಲೆಯಷ್ಟೇ ಕಾರಣವಲ್ಲ. ರಾಗಿ, ಜೋಳ, ಸಜ್ಜೆಗಳಿಗೆ ಮೇಲುಹೊಟ್ಟು ಇಲ್ಲ, ನೇರವಾಗಿ ಬೀಸಬಹುದು. ಸಾವೆ, ನವಣೆ, ಹಾರಕ, ಕೊರಲೆಗಳಿಗೆ ಗಟ್ಟಿ ಹೊಟ್ಟಿದೆ. ಒರಳಿಗೆ ಹಾಕಿ ಒನಕೆಯಿಂದ ಕುಟ್ಟಿ, ಮೊರದಲ್ಲಿ ಕೇರಿ ಅಕ್ಕಿ ಮಾಡಬೇಕು. ಈ ಕೆಲಸ ಪೂರ್ತಿ ಹೆಂಗಸರ ಪಾಲಿನದಾಗಿತ್ತು. ಹಿಟ್ಟಿನ ಗಿರಣಿ, ಪಡಿತರದ ಅಕ್ಕಿ ಬಂದಾಗ ಮೊದಲು ಮೂಲೆ ಸೇರಿದ್ದು ಒನಕೆ. ಅದರ ಹಿಂದೆ ಸಾವೆಯೂ ಹೋಯಿತು. ಮುಪ್ಪಿನ ಹೆಂಗಸರ ಸೊಂಟ, ರಟ್ಟೆಗಳ ನೋವಿನ ಲೆಕ್ಕದಲ್ಲಿ ಇದನ್ನು ನಷ್ಟವೆಂದಷ್ಟೇ ಬರೆಯಲಾಗದು. ಈಗಿನ ಹೊಟ್ಟು ಬಿಡಿಸುವ ಯಂತ್ರಗಳು ದುಡಿಮೆಯನ್ನು ತಪ್ಪಿಸುತ್ತವೆ, ಆದರೆ ಬೆಳ್ಳಗಾಗುವವರೆಗೆ ಪಾಲಿಶ್ ಮಾಡಿದರೆ ನಾರಿನಂಶ, ಜೀವಸತ್ವಗಳು ತೌಡಿನೊಡನೆ ಹೊರಟುಹೋಗುತ್ತವೆ.

ಸಾರ್ವಜನಿಕ ವ್ಯವಸ್ಥೆ

ಕರ್ನಾಟಕದ ಸಂಧ್ಯಾ ಸುರಕ್ಷಾ ಯೋಜನೆ (2007) 65 ದಾಟಿದ ಬಡವರಿಗೆ ಮಾಸಾಶನ ನೀಡುತ್ತದೆ. 2000ದಲ್ಲಿ ಬಂದ ಕೇಂದ್ರದ ಅನ್ನಪೂರ್ಣ ಯೋಜನೆಯಲ್ಲಿ ಪಿಂಚಣಿ ಸಿಗದ ನಿರ್ಗತಿಕ ವೃದ್ಧರಿಗೆ ತಿಂಗಳಿಗೆ 10 ಕಿಲೋ ಧಾನ್ಯದ ಅವಕಾಶವಿದೆ. ಕೆಲವು ಅವಧಿಗಳಲ್ಲಿ ಪಡಿತರದೊಡನೆ ರಾಗಿಯನ್ನೂ ಹಂಚಲಾಗಿದೆ. ಕಿರುಧಾನ್ಯ ಬೆಳೆಯುವವರಿಗೆ ರಾಜ್ಯದ ರೈತ ಸಿರಿ ಯೋಜನೆ ಹೆಕ್ಟೇರಿಗೆ 10,000 ರೂ. ಪ್ರೋತ್ಸಾಹಧನ ಘೋಷಿಸಿತು. 2024ರ ಮೇಯಲ್ಲಿ ಹೊರಬಂದ ರಾಷ್ಟ್ರೀಯ ಪೋಷಣಾ ಸಂಸ್ಥೆಯ 17 ಆಹಾರ ಸೂತ್ರಗಳಲ್ಲಿ ಒಂದು ವೃದ್ಧರಿಗೇ ಮೀಸಲು. ಹಿರಿಯೂರಿನ ಬಬ್ಬೂರು ಫಾರಂ ಈ ವಲಯದ ಕೃಷಿ ಸಂಶೋಧನೆಯ ಕೇಂದ್ರ. ಪಾವಗಡ, ಚಳ್ಳಕೆರೆ, ಮೊಳಕಾಲ್ಮೂರು, ಕೂಡ್ಲಿಗಿ ಭಾಗಗಳಿಗೆ ತುಂಗಭದ್ರಾ ಹಿನ್ನೀರಿನಿಂದ ಕುಡಿಯುವ ನೀರು ತರುವ ಯೋಜನೆ ಫ್ಲೋರೈಡ್ ಪ್ರಶ್ನೆಗೆ ನೇರವಾಗಿ ಸಂಬಂಧಿಸಿದ್ದು.

ಇಂದಿನ ಸ್ಥಿತಿ

2007ರ ನಂತರದ ವರ್ಷಗಳಲ್ಲಿ ಚಳ್ಳಕೆರೆ ತಾಲ್ಲೂಕಿನ ಕಾವಲುಗಳ ಸಾವಿರಾರು ಎಕರೆ ಭೂಮಿಯನ್ನು ರಕ್ಷಣಾ ಸಂಶೋಧನೆ ಮತ್ತು ಅಭಿವೃದ್ಧಿ ಸಂಸ್ಥೆ, ಭಾಭಾ ಅಣು ಸಂಶೋಧನಾ ಕೇಂದ್ರ, ಇಸ್ರೋ ಮತ್ತು ಭಾರತೀಯ ವಿಜ್ಞಾನ ಸಂಸ್ಥೆಗಳಿಗೆ ನೀಡಲಾಯಿತು. ಉಳ್ಳಾರ್ತಿ ಕಾವಲಿನ ಭಾಗಗಳೂ ಇದರಲ್ಲಿ ಸೇರಿವೆ. ಮೇವಿನ ನೆಲ ಬೇಲಿಯೊಳಗೆ ಸೇರಿದ್ದನ್ನು ಸುತ್ತಲ ಹಳ್ಳಿಗರು ವಿರೋಧಿಸಿದರು, ಪ್ರಕರಣ ರಾಷ್ಟ್ರೀಯ ಹಸಿರು ನ್ಯಾಯಾಧಿಕರಣದವರೆಗೂ ಹೋಯಿತು. ಮಂದೆ ಕರಗಿದ ಮನೆಗಳಲ್ಲಿ ಹಾಲು, ಮಜ್ಜಿಗೆ ಕೊಳ್ಳುವ ಪದಾರ್ಥಗಳಾದವು. ಶಿವಮೊಗ್ಗ, ದಾವಣಗೆರೆ, ಚಿತ್ರದುರ್ಗ ಜಿಲ್ಲೆಗಳಿಗೆ ಸೇರಿದ ಹಾಲು ಒಕ್ಕೂಟದ ಡೇರಿಗಳಿಗೆ ಹಾಕುವ ಮನೆಗಳಲ್ಲೂ ಹಾಲು ಮೊದಲು ಕ್ಯಾನಿಗೆ, ಆಮೇಲೆ ಅಜ್ಜಿಯ ಲೋಟಕ್ಕೆ.

ದುಡಿಯುವ ವಯಸ್ಸಿನವರು ಬೆಂಗಳೂರು, ಬಳ್ಳಾರಿಗಳ ಕಡೆ ಹೋದ ಹಟ್ಟಿಗಳಲ್ಲಿ ವೃದ್ಧರು ತಾವೇ ಅಡುಗೆ ಮಾಡಿಕೊಳ್ಳುತ್ತಾರೆ. ಒಬ್ಬರಿಗಾಗಿ ಮುದ್ದೆ ತಿರುವುವ, ಹುರುಳಿ ಬೇಯಿಸಿ ಕಟ್ಟು ಬಸಿಯುವ ಶ್ರಮಕ್ಕಿಂತ ಒಂದು ಪಾತ್ರೆ ಅನ್ನ, ತಿಳಿ ಸಾರು, ಸಕ್ಕರೆ ಚಹಾ, ಬನ್ನು ಸುಲಭ. ಹೊಟ್ಟೆ ತುಂಬುತ್ತದೆ, ಸತ್ವ ಸಾಲುವುದಿಲ್ಲ.

ಇನ್ನೊಂದೆಡೆ ಸಿರಿಧಾನ್ಯಗಳಿಗೆ ನಗರದ ಬೇಡಿಕೆ ಬಂದಿದೆ. ಮೈಸೂರಿನ ಡಾ. ಖಾದರ್ ಅವರ ಪ್ರಚಾರ, ಬೆಂಗಳೂರಿನ ಸಹಜ ಸಮೃದ್ಧ ಸಂಸ್ಥೆಯ ಬೀಜ ಸಂರಕ್ಷಣೆಯ ಕೆಲಸ, ಭಾರತದ ಪ್ರಸ್ತಾವದಂತೆ ವಿಶ್ವಸಂಸ್ಥೆ ಆಚರಿಸಿದ 2023ರ ಅಂತಾರಾಷ್ಟ್ರೀಯ ಸಿರಿಧಾನ್ಯ ವರ್ಷ ಇದಕ್ಕೆ ಕಾರಣಗಳು. ಜಿಲ್ಲೆಯ ಹೊಸದುರ್ಗ ತಾಲ್ಲೂಕಿನಲ್ಲಿ ಸಾವೆ ಬೆಳೆ ಉಳಿದುಕೊಂಡಿದೆ. ಆದರೆ ಹೊಟ್ಟು ಬಿಡಿಸಿ ಪೊಟ್ಟಣ ಕಟ್ಟಿದ ಸಾವಕ್ಕಿಯ ಅಂಗಡಿ ಬೆಲೆ, ಮಾಸಾಶನ ನೆಚ್ಚಿಕೊಂಡ ಹಳ್ಳಿಯ ವೃದ್ಧರಿಗೆ ಎಟುಕುವಂಥದ್ದಲ್ಲ. ಕೇಂದ್ರ ಸರ್ಕಾರದ ಬೆಂಬಲ ಬೆಲೆ ರಾಗಿ, ಜೋಳ, ಸಜ್ಜೆಗಳಿಗೆ ಇದೆ. 2025–26ಕ್ಕೆ ರಾಗಿಗೆ ಕ್ವಿಂಟಾಲಿಗೆ 4,886 ರೂ. ಸಾವೆ, ನವಣೆ, ಕೊರಲೆಗಳು ಆ ಪಟ್ಟಿಯಲ್ಲಿಲ್ಲ.